ಎರಡನೆಯ ಪ್ರಶ್ನೆ

ಪೋರ್ಚುಗೀಸ್ ಕಲಿಯುವ ವಿದ್ಯಾರ್ಥಿಗಳಿಗೆ ಈಗ ಎಷ್ಟೋ ಕಡೆ ಒಂದು ಕೆಲಸ ಕೊಡುತ್ತಾರೆ. ಆ ಭಾಷೆಯನ್ನು ಮನೆಮಾತಾಗಿ ಆಡುವ ಒಬ್ಬರನ್ನು ಹುಡುಕಬೇಕು, ಅವರ ಜೊತೆ ಹತ್ತು ಹದಿನೈದು ನಿಮಿಷ ಮಾತಾಡಿ ವಿಡಿಯೊ ಮಾಡಿ ತರಬೇಕು. ಮೇಷ್ಟ್ರು ನೋಡಿ ಅಂಕ ಹಾಕುತ್ತಾರೆ. ಪರೀಕ್ಷೆಯ ಹಾಳೆ ಕಲಿಸದ್ದನ್ನು ಈ ಹತ್ತು ನಿಮಿಷ ಕಲಿಸಬಲ್ಲದು ಎಂದು ನಾನು ನಂಬಿದ್ದೇನೆ. ಆದರೆ ಅಂಕ ಯಾವುದಕ್ಕೆ ಹಾಕುತ್ತಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಒಂದು ಸಂದರ್ಶನ ಹೀಗೆ ನಡೆಯಿತು ಎಂದುಕೊಳ್ಳಿ. ಹುಡುಗಿ ಹತ್ತು ಪ್ರಶ್ನೆ ಬರೆದಿಟ್ಟುಕೊಂಡು ಕೂತಿದ್ದಾಳೆ. ಪರದೆಯ ಆಚೆ ಬ್ರೆಜಿಲ್‌ನ ಒಬ್ಬ ಅಜ್ಜಿ. 'ನೀವು ಇರುವುದು ಎಲ್ಲಿ?' ಎಂಬುದು ಮೊದಲ ಪ್ರಶ್ನೆ. 'ಸಾವೊ ಪೌಲೊದಲ್ಲಿ ಮಗಳೇ. ಆದರೆ ನಮ್ಮದು ಸೆಯಾರಾ ಕಡೆ. ನಾನು ಚಿಕ್ಕವಳಿದ್ದಾಗ ಲಾರಿ ಹತ್ತಿ ಬಂದದ್ದು' ಎನ್ನುತ್ತಾರೆ ಅಜ್ಜಿ. ಹುಡುಗಿ ತಲೆಯಾಡಿಸಿ ಹಾಳೆ ನೋಡಿಕೊಂಡು ಕೇಳುತ್ತಾಳೆ: 'ನಿಮಗೆ ಇಷ್ಟವಾದ ತಿಂಡಿ ಯಾವುದು?'

ಆ ಲಾರಿಯ ಹಿಂದೆ ಬ್ರೆಜಿಲ್‌ನ ಅರ್ಧ ಶತಮಾನವಿತ್ತು. ಸೆಯಾರಾ ಸೇರಿದಂತೆ ಈಶಾನ್ಯ ಬ್ರೆಜಿಲ್‌ನ ಒಳನಾಡಿನಲ್ಲಿ ಮಳೆ ಕೈಕೊಟ್ಟಾಗಲೆಲ್ಲ ಬಡವರು ಮನೆಮಠ ಬಿಟ್ಟು ದಕ್ಷಿಣದ ದೊಡ್ಡ ಊರುಗಳಿಗೆ ಗುಳೆ ಹೊರಡುತ್ತಿದ್ದರು. ಸರಕಿನ ಲಾರಿಯ ಹಿಂಬದಿಗೆ ಅಡ್ಡಹಲಗೆ ಬಡಿದು, ಮೇಲೆ ಟಾರ್ಪಾಲು ಹೊದಿಸಿ, ಅದರಲ್ಲಿ ಜನರನ್ನು ತುಂಬಿಕೊಂಡು ವಾರಗಟ್ಟಲೆ ಸಾಗುತ್ತಿದ್ದರು. ಇವತ್ತಿನ ಅಧ್ಯಕ್ಷ ಲುಲಾ ಕೂಡ 1952ರಲ್ಲಿ ಏಳು ವರ್ಷದ ಹುಡುಗನಾಗಿ ತಾಯಿ ಮತ್ತು ಒಡಹುಟ್ಟಿದವರ ಜೊತೆ ಪೆರ್ನಾಂಬುಕೊದಿಂದ ಅಂಥ ಲಾರಿಯಲ್ಲಿ 13 ದಿನ ಕೂತು ಬಂದವರು. ಅಜ್ಜಿ ಒಂದೇ ಮಾತಿನಲ್ಲಿ ಆ ಬಾಗಿಲು ತೆರೆದಿದ್ದರು. ಒಳಗೆ ಹೋಗಲು 'ಲಾರಿಯಲ್ಲಾ? ಎಷ್ಟು ದಿನ ಹಿಡಿಯಿತು?' ಎಂಬ ಎರಡು ಮಾತು ಸಾಕಿತ್ತು.

ಹುಡುಗಿಯನ್ನು ದೂರಲಾರೆ. ಬಾರದ ಭಾಷೆಯಲ್ಲಿ ಬಾಯಿ ತೆರೆಯುವಾಗ ಬರೆದಿಟ್ಟುಕೊಂಡ ಹಾಳೆಯೇ ಆಸರೆ. ಹಾಳೆ ಬಿಟ್ಟರೆ ಕ್ರಿಯಾಪದ ತಪ್ಪುತ್ತದೆ, ತಪ್ಪಿದರೆ ಅಂಕ ಹೋಗುತ್ತದೆ ಎಂಬ ಭಯ ಅವಳಿಗೆ. ಆ ಭಯ ಹುಟ್ಟಿಸಿದವರು ನಾವು, ಕಲಿಸುವವರು. ಅಂಕವನ್ನು ಬರೆದು ತಂದ ಹತ್ತು ಪ್ರಶ್ನೆಗೆ ಕೊಡುವ ಬದಲು, ಉತ್ತರ ಕೇಳಿದ ಮೇಲೆ ಹುಟ್ಟಿದ ಎರಡನೆಯ ಪ್ರಶ್ನೆಗೆ ಕೊಡಬೇಕು. ಅದು ಮುರುಕು ವಾಕ್ಯವಾಗಿದ್ದರೂ ಕೊಡಬೇಕು. ಇದು ಬರೀ ಔದಾರ್ಯದ ಮಾತಲ್ಲ, ವ್ಯಾಕರಣದ ದೃಷ್ಟಿಯಿಂದಲೂ ಲಾಭ ಅಲ್ಲಿಯೇ ಇದೆ. ಪೋರ್ಚುಗೀಸಿನಲ್ಲಿ ಒಮ್ಮೆ ನಡೆದು ಮುಗಿದದ್ದಕ್ಕೆ ಒಂದು ಭೂತಕಾಲ, ಆಗೆಲ್ಲ ನಡೆಯುತ್ತಿದ್ದುದಕ್ಕೆ ಇನ್ನೊಂದು. ಕಲಿಯುವವರನ್ನು ವರ್ಷಗಟ್ಟಲೆ ಕಾಡುವುದು ಇದೇ. ಇಷ್ಟದ ತಿಂಡಿ ಕೇಳಿದರೆ ವರ್ತಮಾನಕಾಲದಲ್ಲಿ ಒಂದು ಸಾಲು ಸಿಗುತ್ತದೆ, ಅಷ್ಟೆ. ಲಾರಿಯ ಕಥೆ ಕೇಳಿದರೆ ಎರಡೂ ಭೂತಕಾಲಗಳು ಒಂದರ ಹಿಂದೆ ಒಂದು ಬಂದು ಕಿವಿಗೆ ಬೀಳುತ್ತವೆ, ಯಾವುದು ಎಲ್ಲಿ ಎಂಬುದು ಅಜ್ಜಿಯ ಬಾಯಿಂದಲೇ ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಹೇಳಿಕೊಡುವುದೇ ಕಡಿಮೆ. ನಮ್ಮಲ್ಲಿ ಕಥೆ ಹೇಳುವವರ ಎದುರಿಗೆ ಹೂಂಗುಟ್ಟುವವರು ಒಬ್ಬರು ಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಬ್ರೆಜಿಲ್‌ನವರ ಮಾತೂ ಹಾಗೆಯೇ. ಕೇಳುವವರು ನಡುನಡುವೆ 'ಪೊಯ್ಜೆ', 'ಸೇಯ್', 'ನೋಸಾ!' ಎನ್ನುತ್ತಿರಬೇಕು. ವಿದ್ಯಾರ್ಥಿಗಳು ಮರ್ಯಾದೆಯೆಂದು ಸುಮ್ಮನೆ ಕೂರುತ್ತಾರೆ. ಆಚೆ ಕಡೆಯವರು ಇವರಿಗೆ ಅರ್ಥವಾಗುತ್ತಿಲ್ಲವೇನೋ ಎಂದು ಅನುಮಾನಿಸಿ, ಮಾತು ಸಣ್ಣದು ಮಾಡಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳತೊಡಗುತ್ತಾರೆ. ಹೂಂಗುಟ್ಟಲು ಕಲಿತ ವಿದ್ಯಾರ್ಥಿಗೆ ಮಾತ್ರ ನಿಜವಾದ ಮಾತು ಕೇಳಸಿಗುತ್ತದೆ.

ಹೀಗೆ ಕೇಳುವುದನ್ನು ಕಲಿಸಲು ಬ್ರೆಜಿಲ್‌ನಲ್ಲಿಯೇ ಒಬ್ಬ ದೊಡ್ಡ ಗುರು ಇದ್ದರು. ಎಡ್ವಾರ್ಡೊ ಕೌಚಿನ್ಯೊ ಎಂಬ ಸಾಕ್ಷ್ಯಚಿತ್ರ ನಿರ್ದೇಶಕ, 2014ರಲ್ಲಿ ತೀರಿಕೊಂಡರು. ಅವರ 'ಎಡಿಫಿಸಿಯೊ ಮಾಸ್ಟರ್' ಚಿತ್ರ ಬಂದದ್ದು 2002ರಲ್ಲಿ. ರಿಯೊದ ಕೊಪಕಬಾನಾದಲ್ಲಿ 12 ಅಂತಸ್ತಿನ, 276 ಪುಟ್ಟ ಮನೆಗಳ ಒಂದೇ ಕಟ್ಟಡ. ಅಲ್ಲಿನ 37 ನಿವಾಸಿಗಳ ಮಾತೇ ಇಡೀ ಚಿತ್ರ. ನಿವೃತ್ತ ಮುದುಕರೊಬ್ಬರು ತಮ್ಮ ಕೋಣೆಯಲ್ಲಿ ಸಿನಾಟ್ರಾನ 'ಮೈ ವೇ' ಹಾಕಿಕೊಂಡು ಗಂಟಲು ಬಿಟ್ಟು ಜೊತೆಗೆ ಹಾಡುತ್ತಾರೆ. ಕೌಚಿನ್ಯೊ ಸಹಾಯಕರನ್ನು ಮುಂಚೆ ಕಳಿಸಿ ಮಾತಾಡಿಸುತ್ತಿದ್ದರು, ತಾವು ಮಾತ್ರ ಆ ವ್ಯಕ್ತಿಯನ್ನು ಮೊದಲ ಬಾರಿ ನೋಡುತ್ತಿದ್ದುದು ಕ್ಯಾಮೆರಾ ಮುಂದೆಯೇ. ಎರಡನೇ ಸಲ ಹೇಳುವಾಗ ಕಥೆಯ ಜೀವ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಮೊದಲೇ ಕಳಿಸಿ, ಉತ್ತರ ಬರೆಸಿಕೊಂಡು ಆಮೇಲೆ ಓದಿಸುವುದನ್ನು ಕಂಡಾಗ ನನಗೆ ಈ ಮನುಷ್ಯ ನೆನಪಾಗುತ್ತಾರೆ.

ವಿಡಿಯೊ ಆದ ಮೇಲೆ ಇನ್ನೂ ಒಂದು ಕೆಲಸವಿದೆ, ಆಡಿದ ಮಾತನ್ನೆಲ್ಲ ಕೇಳಿ ಬರೆದುಕೊಳ್ಳುವುದು. ಲಿಸ್ಬನ್‌ನವರು ಸ್ವರಗಳನ್ನು ನುಂಗಿಬಿಡುತ್ತಾರೆ, ರಿಯೊದವರು ಅವನ್ನೇ ಎಳೆದು ಹಾಡುತ್ತಾರೆ, ಅಂಗೋಲಾದ ಲುವಾಂಡಾದ ಹುಡುಗರ ಧಾಟಿಯೇ ಬೇರೆ. ಒಂದು ನಿಮಿಷದ ಮಾತನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ಕೇಳಿದವನ ಕಿವಿ ಪಳಗುತ್ತದೆ. ತಾನು ಎಲ್ಲಿ ಅಡ್ಡ ಬಾಯಿ ಹಾಕಿದೆ ಎಂಬುದೂ ಆಗಲೇ ಕಾಣುವುದು.

ಸಂದರ್ಶನ ಕೊಟ್ಟವರಿಗೆ ಏನು ಸಿಕ್ಕಿತು? ಇದನ್ನು ಕೇಳುವವರು ಕಡಿಮೆ. ಸಾವೊ ಪೌಲೊ ರಾಜ್ಯದ ಉನೆಸ್ಪಿ ವಿಶ್ವವಿದ್ಯಾಲಯದಲ್ಲಿ ಜೊಆಂವ್ ಟೆಲ್ಲೆಸ್ 2006ರಲ್ಲಿ ಶುರು ಮಾಡಿದ 'ಟೆಲೆಟಾಂಡೆಂ' ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಬ್ರೆಜಿಲ್‌ನ ಒಬ್ಬ ವಿದ್ಯಾರ್ಥಿ, ಹೊರದೇಶದ ಒಬ್ಬ ವಿದ್ಯಾರ್ಥಿ ವಿಡಿಯೊದಲ್ಲಿ ಎದುರುಬದುರು ಕೂರುತ್ತಾರೆ. ಅರ್ಧ ಹೊತ್ತು ಇವನ ಭಾಷೆ, ಅರ್ಧ ಹೊತ್ತು ಅವನದು, ಎರಡನ್ನೂ ಬೆರೆಸುವಂತಿಲ್ಲ. ಇಬ್ಬರೂ ಮೇಷ್ಟ್ರು, ಇಬ್ಬರೂ ಶಿಷ್ಯರು. ಎಲ್ಲ ಸಂದರ್ಶನವೂ ಹೀಗೆ ಸಮಸಮ ಆಗಲಾರದು, ಆ ಅಜ್ಜಿಗೆ ಕನ್ನಡವೋ ಇಂಗ್ಲಿಷೋ ಬೇಕಿಲ್ಲ. ಆದರೆ ಅವರ ಒಪ್ಪಿಗೆ ಕೇಳಿಯೇ ವಿಡಿಯೊ ತೋರಿಸಬೇಕು, ಒಂದು ಪ್ರತಿ ಅವರ ಮನೆಗೆ ತಲುಪಬೇಕು. ಮೊಮ್ಮಕ್ಕಳಿಗೆ ನಾಳೆ ಅದೊಂದೇ ಉಳಿಯಬಹುದು.

ಪೋರ್ಚುಗೀಸ್ ಆಡುವವರನ್ನು ಹುಡುಕಿಕೊಂಡು ಕಾರವಾರದವರು ಅಟ್ಲಾಂಟಿಕ್ ದಾಟಬೇಕಿಲ್ಲ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಮುಗಿಯುವವರೆಗೆ ಗೋವಾದ ಆಡಳಿತಭಾಷೆ ಅದೇ ಆಗಿತ್ತು. ಪಣಜಿಯ ಆಲ್ತಿನ್ಯೊ ಗುಡ್ಡದ ಮೇಲಿನ ಲೀಸಿಯಂ ಶಾಲೆಯಲ್ಲಿ ಆ ಭಾಷೆಯಲ್ಲಿ ಓದಿದವರು, ಮನೆಯಲ್ಲಿ ಈಗಲೂ ಅದನ್ನೇ ಆಡುವ ಕೆಲವು ಹಿರಿಯರು ಅಲ್ಲಿದ್ದಾರೆ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಸುತ್ತಾರೆ, ಕಲಿಯುವ ಹುಡುಗ ಹುಡುಗಿಯರೂ ಇದ್ದಾರೆ. 1961ರಲ್ಲಿ ಲೀಸಿಯಂನ ದೊಡ್ಡ ತರಗತಿಯಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಈ ಸಲದ ಸಂದರ್ಶನಗಳನ್ನು ಅವರ ಮನೆಗಳಿಂದ ಶುರು ಮಾಡಬೇಕು, ತಡ ಮಾಡಬಾರದು. ಇಷ್ಟದ ತಿಂಡಿ ಆಮೇಲೆ ಕೇಳಬಹುದು. ಆ ಡಿಸೆಂಬರ್ ಕಳೆದು ಮತ್ತೆ ಶಾಲೆಗೆ ಹೋದಾಗ ಮೇಷ್ಟ್ರು ಯಾವ ಭಾಷೆಯಲ್ಲಿ ಹಾಜರಿ ಕೂಗಿದರು ಎಂದು ಮೊದಲು ಕೇಳಲಿ, ಆಮೇಲೇನಾಯಿತು ಎಂದು ಮತ್ತೆ ಕೇಳಲಿ.