ಒಬ್ಬರ ಪಥ್ಯ, ಒಬ್ಬಳ ಪಥ್ಯ

ಗಂಡನಿಗೆ ಶುಗರ್ ಬಂದರೆ ಇಡೀ ಮನೆಗೆ ಪಥ್ಯ. ಹೆಂಡತಿಗೆ ಬಂದರೆ ಅವಳೊಬ್ಬಳಿಗೆ. ಬೆಂಗಳೂರಿನ ರಾಮಮೂರ್ತಿ ನಗರದ ನಮ್ಮ ಬೀದಿಯ ಮನೆಗಳನ್ನು ನೋಡುತ್ತ ಬಂದಿರುವ ನನಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಡಾಕ್ಟರು ಯಜಮಾನರಿಗೆ "ತೂಕ ಇಳಿಸಿ" ಅಂದ ವಾರದೊಳಗೆ ಅಡುಗೆಮನೆಗೆ ನವಣೆ ಬರುತ್ತದೆ, ಒಗ್ಗರಣೆಗೆ ಎಣ್ಣೆ ಕಡಿಮೆಯಾಗುತ್ತದೆ, ಸಂಜೆಯ ಬೋಂಡ ನಿಲ್ಲುತ್ತದೆ. ಅವರು ಮಾಡಬೇಕಾದದ್ದು ಇಷ್ಟೇ, ತಟ್ಟೆಗೆ ಬಂದದ್ದನ್ನು ಉಣ್ಣುವುದು.

ಅದೇ ಮಾತನ್ನು ಡಾಕ್ಟರು ಮನೆಯಾಕೆಗೆ ಹೇಳಿದರೆ? ಅತ್ತೆ-ಮಾವನಿಗೆ ಮೆತ್ತಗಿನ ಅನ್ನ, ಮಗನಿಗೆ ತುಪ್ಪದ ದೋಸೆ, ಗಂಡನಿಗೆ ಚಪಾತಿ, ಎಲ್ಲ ಮುಗಿದ ಮೇಲೆ ತನಗೊಂದಿಷ್ಟು ಸೌತೆಕಾಯಿ. ಮಗ ಬಿಟ್ಟೆದ್ದ ಅರ್ಧ ದೋಸೆಯನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ, ಸಿಂಕಿನ ಮುಂದೆ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಆ ದೋಸೆ ಯಾವ ಡಯಟ್ ಚಾರ್ಟಿನಲ್ಲೂ ಇರುವುದಿಲ್ಲ.

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋದ ಯಜಮಾನರು ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಅವರು ಬರುವವರೆಗೆ ಆಕೆ ಉಣ್ಣುವುದಿಲ್ಲ. ಹಸಿವು ತಡೆಯದೆ ನಡುವೆ ಎರಡು ಹಿಡಿ ಖಾರ ಬೂಂದಿ. ಬೆಳಗಿನ ಪಾರ್ಕಿನಲ್ಲೂ ಅದೇ ಕಥೆ: ಗಂಡಸರು ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ರಾಜಕೀಯಕ್ಕೆ ಕೂರುತ್ತಾರೆ; ಮಕ್ಕಳ ಡಬ್ಬಿ ನೆನಪಾಗಿ ಹೆಂಗಸರು ಅಷ್ಟರಲ್ಲಿ ಅರ್ಧಕ್ಕೇ ಹೊರಟುಹೋಗಿರುತ್ತಾರೆ.

ತೂಕ ಮಾತ್ರ ಇಬ್ಬರಿಗೂ ಸಮನಾಗಿಯೇ ಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲಿ ಸುಮಾರು ಶೇ 30, ಗಂಡಸರಲ್ಲಿ ಸುಮಾರು ಶೇ 31 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು. ಸಿಗುವ ಊರುಗೋಲು ಸಮನಾಗಿಲ್ಲ.

ಇದರ ಮೇಲೆ ಮಾತಿನ ಪೆಟ್ಟು ಬೇರೆ. ಮದುವೆಮನೆ ಬಾಗಿಲಲ್ಲೇ ಚಿಕ್ಕಮ್ಮ "ಏನೇ, ಹೀಗೆ ಊದ್ಕೊಂಡಿದೀಯ?" ಅನ್ನುತ್ತಾರೆ. ಪಂಕ್ತಿಯಲ್ಲಿ ಕೂತಾಗ ಅದೇ ಚಿಕ್ಕಮ್ಮ, "ಒಂದು ಹೋಳಿಗೆಗೆ ಏನಾಗಲ್ಲ, ಹಾಕಿಸ್ಕೋ" ಅನ್ನುತ್ತಾರೆ. ಬೇಡ ಅಂದರೆ ಮುನಿಸು, ಹಾಕಿಸಿಕೊಂಡರೆ ಕಣ್ಸನ್ನೆ. ಚುಚ್ಚಿದರೆ ಛಲ ಬರುತ್ತದೆ ಎಂದು ನಮ್ಮವರ ನಂಬಿಕೆ. ಇಂಗ್ಲೆಂಡಿನಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು ನಾಲ್ಕು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದರ ಉಲ್ಟಾ: ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡರು ಎಂದವರು ಸರಾಸರಿ ಒಂದು ಕಿಲೋ ಹತ್ತಿರ ತೂಕ ಏರಿಸಿಕೊಂಡಿದ್ದರು, ಉಳಿದವರ ತೂಕ ತುಸು ಇಳಿದಿತ್ತು. ಅವಮಾನ ನುಂಗಿದವರಿಗೆ ಹಸಿವು ಹೆಚ್ಚು ಎಂದು ನಮ್ಮ ಹಳೆಯ ಕಾಲದ ಅಜ್ಜಿಯರಿಗೂ ಗೊತ್ತಿತ್ತೇನೋ.

ಚುಚ್ಚುಮಾತು ತೂಕ ಇಳಿಸದು, ಆದರೆ ಒಳ್ಳೆಯ ಅಭ್ಯಾಸ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 130 ಜೋಡಿಗಳನ್ನು ಆರು ತಿಂಗಳು ನೋಡಿ 2018ರಲ್ಲಿ ವರದಿ ಮಾಡಿದರು. ತೂಕ ಇಳಿಸಲು ಹೆಸರು ಕೊಟ್ಟಿದ್ದು ಜೋಡಿಯಲ್ಲಿ ಒಬ್ಬರೇ. ಆದರೂ ಏನೂ ಚಿಕಿತ್ಸೆ ಪಡೆಯದ ಸಂಗಾತಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಯ ತೂಕ ಶೇ 3 ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಒಂದೇ ಒಲೆ, ಒಂದೇ ಪಾತ್ರೆ. ಅಡುಗೆ ಬದಲಾದರೆ ಎಲ್ಲರಿಗೂ ಬದಲಾದಂತೆ. ಆದ್ದರಿಂದ "ಅವಳು ಡಯಟ್ ಮಾಡ್ತಿದಾಳೆ" ಎಂದು ಆಕೆಯನ್ನು ಮನೆಯಲ್ಲೇ ಒಂಟಿ ಮಾಡುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ, ಎಷ್ಟೇ ನಗುನಗುತ್ತ ಹೇಳಿದರೂ. ಆಕೆಯ ತಟ್ಟೆಗೆ ಕಾವಲು ಕೂರುವ ಗಂಡನೂ ಇದಕ್ಕಿಂತ ಮೇಲಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ತೂಕ ಇಳಿಸಲು ಹೊರಟಿದ್ದರೆ ಈ ವಾರ ಎಷ್ಟು ಇಳಿದೆ ಎಂದು ಕೇಳಬೇಡಿ. ನನಗಾಗಿ ಕಾಯಬೇಡ, ಏಳೂವರೆಗೇ ಊಟ ಮಾಡಿಬಿಡು ಎಂದು ಸಂಜೆ ಒಂದು ಫೋನ್ ಮಾಡಿ. ಮನೆಗೆ ಬಂದ ಮೇಲೆ ಅವರಿಗಾಗಿ ಮಾಡಿದ್ದನ್ನೇ ನೀವೂ ಬಡಿಸಿಕೊಂಡು ಉಣ್ಣಿ, ಪಾತ್ರೆ ತೊಳೆದಿಟ್ಟು ಮಲಗಿ.