ಜಾವದ ಕಾವಲು

ಆಧಾರ: ಮಾರ್ಕನ ಸುವಾರ್ತೆ 13ನೆಯ ಅಧ್ಯಾಯ, 33ರಿಂದ 37ನೆಯ ವಚನಗಳು



ಈ ವಚನಗಳಲ್ಲಿ ನಮ್ಮ ರಕ್ಷಕನು ಪರದೇಶಕ್ಕೆ ಹೊರಟ ಒಬ್ಬ ಯಜಮಾನನ ಸಾಮ್ಯವನ್ನು ಹೇಳುತ್ತಾನೆ. ಯಜಮಾನನು ಆಳುಗಳಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕೆಲಸವನ್ನು ನೇಮಿಸಿ, ಬಾಗಲು ಕಾಯುವವನಿಗೆ ಎಚ್ಚರದ ಅಪ್ಪಣೆಯನ್ನು ಕೊಟ್ಟು ಹೋದನು. ಅವನು ತಿರಿಗಿ ಬರುವ ಜಾವವು ಯಾವದೆಂದು ಮನೆಯವರಿಗೆ ತಿಳಿಯದು. ಕಾವಲೆಂದರೆ ಏನೆಂದು ಒಕ್ಕಲುಮಕ್ಕಳಾದ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ರಾಗಿಯ ಕಣದಲ್ಲಿ ಚಳಿಗೆ ಮುದುರಿ ಮಲಗಿದವರೂ ಅಟ್ಟಣೆಯ ಮೇಲೆ ಕೂತು ಹಂದಿಗಳನ್ನು ಓಡಿಸಿದವರೂ ಅದನ್ನು ಬಲ್ಲರು. ಆದರೂ ಅನೇಕರು ಕೂಡಿ ಒಬ್ಬರಿಗೊಬ್ಬರು ಕಾವಲಿರುವ ಕ್ರಮವನ್ನು ಕಲಿಯಬೇಕಾದರೆ, ಹಾಯಿಯಿಂದ ನಡೆಯುತ್ತಿದ್ದ ಹಿಂದಿನ ಕಾಲದ ಹಡಗುಗಳನ್ನು ನೋಡತಕ್ಕದ್ದು.

ನಾವು ಇದನ್ನು ಬರೆಯುವ ಬೆಂಗಳೂರಿನ ಉಪ್ಪಾರಪೇಟೆಗೆ ಸಮುದ್ರವು ಬಹು ದೂರ. ಇದರ ಮಗ್ಗುಲಲ್ಲಿದ್ದ ಕೆರೆಗೆ ಧರ್ಮಾಂಬುಧಿ ಎಂದು ಸಮುದ್ರದ ಹೆಸರಿತ್ತು; ಅದೂ ಬತ್ತಿಹೋಗಿ, ಹಳ್ಳಿಗಳಿಂದ ಬರುವ ನೀವು ಇಳಿಯುವ ಕೆಂಪೇಗೌಡ ಬಸ್ ನಿಲ್ದಾಣವು ಅದರ ಅಂಗಳದಲ್ಲಿ ನಿಂತಿದೆ. ಹೀಗಿದ್ದರೂ ಇಂಗ್ಲಿಷರ ಯುದ್ಧದ ಹಡಗುಗಳ ನಾವಿಕರು ನಮ್ಮ ಸೀಮೆಗೆ ಬಂದದ್ದುಂಟು, ಸೆರೆಯವರಾಗಿ ಬಂದರು. 50 ತೋಪುಗಳ ಹ್ಯಾನಿಬಲ್ ಎಂಬ ಹಡಗು 1782ರ ಜನವರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು. ಫ್ರೆಂಚರ ನೌಕಾಧಿಪತಿಯಾದ ಸುಫ್ರೇನನು ಅದೇ ವರುಷದಲ್ಲಿ ತನ್ನ ಸೆರೆಯವರನ್ನು ಹೈದರಾಲಿಗೆ ಒಪ್ಪಿಸಿಬಿಟ್ಟನು. ಅವರೊಳಗೆ ಜೇಮ್ಸ್ ಸ್ಕರಿ ಎಂಬ ಹುಡುಗನಿದ್ದನು. 1784ರಲ್ಲಿ ಮಂಗಳೂರಿನಲ್ಲಿ ಸಂಧಾನವಾದಾಗಲೂ ಅವನಿಗೆ ಬಿಡುಗಡೆಯಾಗಲಿಲ್ಲ. ಸುಮಾರು ಹತ್ತು ವರುಷ ಮೈಸೂರು ಸೀಮೆಯಲ್ಲಿ ಸೆರೆಯಲ್ಲಿದ್ದು ತಪ್ಪಿಸಿಕೊಂಡನು. ಅವನು ಹೇಳಿದ ವೃತ್ತಾಂತವು 1824ರಲ್ಲಿ ಪುಸ್ತಕವಾಗಿ ಹೊರಟಿತು. ಆ ಹಡಗನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂದು ಯಾರೂ ಆ ಹುಡುಗನನ್ನು ಕೇಳಿರಲಿಲ್ಲ. ಆದರೆ ಹಡಗು ಸಿಕ್ಕಿದಾಗ ಕಪ್ತಾನನೊಂದಿಗೆ ಹುಡುಗನೂ ಸಿಕ್ಕಿದನು. ಒಂದು ಹಡಗಿನಲ್ಲಿರುವವರಿಗೆಲ್ಲಾ ಒಂದೇ ಗತಿ. ಸಭೆಯೂ ಹಾಗೆಯೇ ಎಂಬದನ್ನು ಮೊದಲು ಮನಸ್ಸಿನಲ್ಲಿಡಿರಿ.

ಯುದ್ಧದ ಹಡಗನ್ನು ನಾವು ಇಲ್ಲಿ ಹೊಗಳುವುದಿಲ್ಲ. ಅವು ಕೊಲ್ಲುವುದಕ್ಕಾಗಿ ಕಟ್ಟಲ್ಪಟ್ಟವು. ಅವುಗಳ ಮೇಲಿದ್ದವರಲ್ಲಿ ಅನೇಕರು ಬಲಾತ್ಕಾರದಿಂದ ಹಿಡಿದು ತರಲ್ಪಟ್ಟವರು. ಆದರೆ ನಮ್ಮ ಕರ್ತನು ಅನ್ಯಾಯಗಾರನಾದ ಮನೆವಾರ್ತೆಯವನಿಂದಲೂ ಶಿಷ್ಯರಿಗೆ ಬುದ್ಧಿ ಕಲಿಸಿದನಲ್ಲವೇ? ನಾವೂ ಅದರಂತೆ ಕಲಿಯೋಣ.

ಮೊದಲನೆಯದಾಗಿ, ಕಾವಲು ಸರದಿಯಿಂದ ನಡೆಯುವಂಥಾದ್ದು. ಹಡಗಿನ ನಾವಿಕರನ್ನು ಸಾಧಾರಣವಾಗಿ ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲಿನವರು ನಾಲ್ಕು ಗಂಟೆ ಮೇಲೆ ಕಾವಲಿದ್ದರೆ ಇನ್ನೊಂದು ಪಾಲಿನವರು ಕೆಳಗೆ ಮಲಗುವರು. ಮರಳಿನ ಗಾಜು ಅರ್ಧ ಗಂಟೆಗೆ ಒಂದು ಸಾರಿ ಬರಿದಾಗುವದು. ಅದನ್ನು ತಿರುಗಿಸುವಾಗೆಲ್ಲಾ ಗಂಟೆ ಬಾರಿಸುವರು. ಎಂಟು ಪೆಟ್ಟು ಕೇಳಿದರೆ ಸರದಿ ಮುಗಿಯಿತೆಂದು ಅರ್ಥ. ಒಬ್ಬರಿಗೇ ದಿನಾಲೂ ನಡುರಾತ್ರಿಯ ಕಷ್ಟವು ಬೀಳದಂತೆ ಸಂಜೆಯ ನಾಲ್ಕು ಗಂಟೆಯ ಕಾವಲನ್ನು ಎರಡೆರಡು ಗಂಟೆಯ ಎರಡು ತುಂಡು ಮಾಡಿ ಸರದಿಯನ್ನು ಬದಲಾಯಿಸುತ್ತಿದ್ದರು. ಮಲಗುವ ತೂಗುಹಾಸಿಗೆಗೆ ಒಬ್ಬೊಬ್ಬನಿಗೆ ನೇಮಿಸಿದ ಅಗಲವು 14 ಅಂಗುಲ ಮಾತ್ರ. ಅಷ್ಟರಲ್ಲಿ ಮನುಷ್ಯನು ಮಲಗುವದು ಹೇಗೆ? ಪಕ್ಕದವನು ಕಾವಲಿಗೆ ಎದ್ದು ಹೋಗಿರುವದರಿಂದ ಅವನ ಸ್ಥಳವೂ ಇವನಿಗೆ ದೊರೆಯುತ್ತಿತ್ತು. ಪ್ರಿಯರೇ, ಇದನ್ನು ಚೆನ್ನಾಗಿ ಗ್ರಹಿಸಿರಿ: ಒಬ್ಬನು ಎಚ್ಚತ್ತಿರುವದರಿಂದಲೇ ಇನ್ನೊಬ್ಬನಿಗೆ ವಿಶ್ರಾಂತಿಯ ಸ್ಥಳವಾಗುತ್ತದೆ.

ನಮ್ಮ ಸಭೆಗಳಲ್ಲಿಯೋ ಎಚ್ಚರವೆಲ್ಲಾ ಪಾದ್ರಿಯವರದು, ಉಪದೇಶಿಯದು ಎಂಬ ಭಾವನೆಯು ನೆಲೆಗೊಂಡಿದೆ. ಪಾದ್ರಿಯವರು ಅನೇಕ ಊರುಗಳನ್ನು ಸುತ್ತಿ ತಿಂಗಳಿಗೊಮ್ಮೆ ಬರುವರು. ಮಿಕ್ಕ ದಿನಗಳಲ್ಲಿ ಜ್ವರದಿಂದ ಮಲಗಿದ ವಿಧವೆಯ ಬಾಗಲಿಗೆ ಹೋಗುವವರಾರು? ಆರಾಧನೆಗೆ ಬರುವುದನ್ನು ಬಿಟ್ಟ ಯೌವನಸ್ಥನನ್ನು ವಿಚಾರಿಸುವವರಾರು? ಸಾಲಕ್ಕೆ ಸಿಕ್ಕಿ ತಲೆ ತಗ್ಗಿಸಿದವನ ಪಕ್ಕದಲ್ಲಿ ಕೂತುಕೊಳ್ಳುವವರಾರು? ಊರು ಸೂರೆಹೋದ ಮೇಲೆ ಕೋಟೆಯ ಬಾಗಲು ಮುಚ್ಚಿದ ಹಾಗೆ, ಮನೆಯು ಒಡೆದ ಮೇಲೆ ನಾವು ಪಂಚಾಯಿತಿ ಸೇರಿಸುತ್ತೇವೆ. ಯಜಮಾನನು ಕೆಲಸವನ್ನು ಒಬ್ಬನಿಗಲ್ಲ, ಪ್ರತಿಯೊಬ್ಬನಿಗೂ ನೇಮಿಸಿಹೋದನು.

ಎರಡನೆಯದಾಗಿ, ಕಾವಲಿಗೆ ಶತ್ರುವು ಹೊರಗಿನಿಂದಲೇ ಬರಬೇಕೆಂಬದಿಲ್ಲ. ಆ ನಾವಿಕರ ಆಹಾರವು ಗಟ್ಟಿ ಬಿಸ್ಕತ್ತು, ಬಟಾಣಿ, ಉಪ್ಪು ಹಾಕಿದ ಮಾಂಸ ಇವೇ. ವಾರದಲ್ಲಿ ಮೂರು ದಿನ ಮಾಂಸವಿಲ್ಲ. ನಮ್ಮ ದೇಶದ ಬನಿಯ ವರ್ತಕರು ಮಾಂಸ ತಿನ್ನರೆಂದು ಕಂಡಿದ್ದ ಇಂಗ್ಲಿಷರು ಆ ದಿನಗಳನ್ನು ಬನಿಯರ ದಿನಗಳೆಂದೇ ಕರೆದರು. ಇಷ್ಟು ಬಡ ಊಟದ ಸಂಗಡ ರಮ್ ಎಂಬ ಮದ್ಯವನ್ನು ಸರಕಾರವೇ ಅಳೆದು ಕೊಡುತ್ತಿತ್ತು. ಅಮಲಿನ ಕೇಡನ್ನು ಕಂಡ ವೆರ್ನನ್ ಎಂಬ ಅಧಿಪತಿಯು 1740ರಲ್ಲಿ ಅದಕ್ಕೆ ನೀರು ಬೆರಸಿ ಕೊಡುವಂತೆ ಆಜ್ಞಾಪಿಸಿದನು. ಆದಾಗ್ಯೂ ಕುಡಿತದ ದೆಸೆಯಿಂದ ಕೊರಡೆಯ ಪೆಟ್ಟು ತಿಂದವರು ಬಹು ಮಂದಿ. ಆ ಪಡಿಯು ಪೂರ್ತಿಯಾಗಿ ನಿಂತದ್ದು 1970ರಲ್ಲಿಯೇ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿಯ ಅಂಗಡಿಗಳು ಮುಚ್ಚಿದವು, ಕುಡಿತವು ಮುಚ್ಚಲಿಲ್ಲ. ಕೂಲಿಯ ಹಣವು ಸಂಜೆಯಲ್ಲಿ ಬಾಟಲಿಗೆ ಹೋದರೆ ಆ ರಾತ್ರಿ ಆ ಮನೆಗೆ ಕಾವಲುಗಾರನೇ ಇಲ್ಲ. ನೀರು ಬೆರಸುವದು ಸಾಲದು, ಪ್ರಿಯರೇ, ಬಿಟ್ಟೇ ಬಿಡಬೇಕು. ಬಿಡಲಾರದೆ ಒದ್ದಾಡುವವನನ್ನು ನಗೆಗೀಡುಮಾಡದೆ ಕೈಹಿಡಿದು ಸಂಗಡ ನಡೆಯಬೇಕು.

ಮೂರನೆಯದಾಗಿ, ತಿಳಿದದ್ದನ್ನು ನೆರೆಯವನಿಗೆ ತಲಪಿಸದ ಕಾವಲು ಕಾವಲೇ ಅಲ್ಲ. ದೂರ ಪ್ರಯಾಣದ ನಾವಿಕರಿಗೆ ಸ್ಕರ್ವಿ ಎಂಬ ರೋಗವು ಹತ್ತಿ, ಒಸಡುಗಳು ಊದಿ, ಹಲ್ಲುಗಳು ಸಡಲಿ, ಹಳೆಯ ಗಾಯಗಳು ತಿರಿಗಿ ಬಾಯಿಬಿಡುತ್ತಿದ್ದವು. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು 1747ರಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಆರಿಸಿ ಇಬ್ಬಿಬ್ಬರಿಗೆ ಒಂದೊಂದು ಔಷಧವನ್ನು ಕೊಟ್ಟು ನೋಡಲು, ಕಿತ್ತಳೆ ನಿಂಬೆ ಹಣ್ಣುಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. 1753ರಲ್ಲಿ ಇದನ್ನು ಪುಸ್ತಕದಲ್ಲಿ ಅಚ್ಚುಹಾಕಿಸಿದನು. ಆದರೆ ನಿಂಬೆಯ ರಸವನ್ನು ಎಲ್ಲಾ ಹಡಗುಗಳಿಗೆ ಕೊಡಬೇಕೆಂಬ ನಿರ್ಣಯವಾದದ್ದು 1795ರಲ್ಲಿ. ಔಷಧವು ಪುಸ್ತಕದಲ್ಲಿತ್ತು, ರೋಗಿಯ ಕೈಯಲ್ಲಿರಲಿಲ್ಲ; ನಡುವಣ ವರುಷಗಳಲ್ಲಿ ಎಷ್ಟೋ ಹೆಣಗಳು ಸಮುದ್ರಕ್ಕೆ ಇಳಿಸಲ್ಪಟ್ಟವು. ನಮ್ಮ ಮನೆಗಳ ಗೂಡಿನಲ್ಲಿಯೂ ಸತ್ಯವೇದವುಂಟು. ಅದರ ಆದರಣೆಯ ಮಾತು ಪಕ್ಕದ ಮನೆಯ ದುಃಖಿತರಿಗೆ ಮುಟ್ಟಿತೇ? ಗೂಡಿನಲ್ಲಿರುವ ಔಷಧದಿಂದ ಯಾರೂ ವಾಸಿಯಾಗರು.

ಕಡೆಗೆ ಒಂದು ಮಾತು. ಕಾವಲಿನಲ್ಲಿ ನಿದ್ರಿಸಿದ ನಾವಿಕನಿಗೆ ಮರಣವನ್ನಾಗಲಿ ಬೇರೆ ತಕ್ಕ ಶಿಕ್ಷೆಯನ್ನಾಗಲಿ ವಿಧಿಸಬಹುದೆಂದು ಆ ಹಡಗುಗಳ ಕಾನೂನಿನಲ್ಲಿ ಬರೆದಿತ್ತು. ಆ ಕಾನೂನನ್ನು ಎಲ್ಲರನ್ನೂ ಕೂಡಿಸಿ ಓದಿ ಕೇಳಿಸುತ್ತಿದ್ದರು. ಈಗ ಗೆತ್ಸೇಮನೆ ತೋಟಕ್ಕೆ ಬನ್ನಿರಿ. ನಮ್ಮ ಕರ್ತನು ಶಿಷ್ಯರಿಂದ ಕೇಳಿಕೊಂಡದ್ದು ಒಂದು ಗಳಿಗೆಯ ಎಚ್ಚರ. ಹಡಗಿನ ಮರಳಿನ ಗಾಜನ್ನು ಎರಡು ಸಾರಿ ತಿರುಗಿಸುವಷ್ಟು ಹೊತ್ತು. ಅಷ್ಟೂ ಅವರಿಂದಾಗಲಿಲ್ಲ. ಆತನು ಅವರ ಮೇಲೆ ಕೊರಡೆಯನ್ನೆತ್ತಿದನೋ? ಇಲ್ಲ. ಎಬ್ಬಿಸಿದನು, ಶರೀರದ ಬಲಹೀನತೆಯನ್ನು ಅರಿತು ಮಾತಾಡಿದನು, ತಿರಿಗಿ ಬಂದು ತಿರಿಗಿ ಎಬ್ಬಿಸಿದನು. ಬೆಳಗಾದ ಮೇಲೆ ಕೊರಡೆಯು ಬಿದ್ದದ್ದು ಎಚ್ಚತ್ತಿದ್ದಾತನ ಬೆನ್ನಿನ ಮೇಲೆಯೇ. ನಿದ್ರಿಸಿದವರೋ ಉಳಿಸಲ್ಪಟ್ಟರು.

ಆದಕಾರಣ ಭಯಪಟ್ಟು ರಾತ್ರಿಯೆಲ್ಲಾ ಕಣ್ಣು ಬಿಟ್ಟಿರಬೇಕೆಂದು ಈ ವಾಕ್ಯವು ನಮಗೆ ಕಲಿಸುವುದಿಲ್ಲ. ಬಿರುಗಾಳಿಯ ದೋಣಿಯಲ್ಲಿ ತಲೆದಿಂಬಿಗೆ ಒರಗಿ ನಿದ್ರಿಸಿದಾತನೇ ನಮ್ಮ ಕರ್ತನು. ಇಸ್ರಾಯೇಲನ್ನು ಕಾಯುವಾತನು ತೂಕಡಿಸನೆಂದು ಕೀರ್ತನೆಗಾರನು ಸಾಕ್ಷಿ ಹೇಳುತ್ತಾನೆ. ನಿಮ್ಮ ಸರದಿ ಬಂದಾಗ ಏಳಿರಿ. ನಿಮ್ಮ ಸರದಿ ಮುಗಿದಾಗ ಆತನಲ್ಲಿ ಭರವಸವಿಟ್ಟು ಮಲಗಿರಿ. ಈ ತಿಂಗಳಲ್ಲಿ ಪ್ರತಿ ಸಭೆಯ ಹಿರಿಯರು ತಮ್ಮ ಊರಿನ ಮನೆಗಳನ್ನು ಎರಡು ಪಾಲು ಮಾಡಿ, ವಾರಕ್ಕೊಂದು ಪಾಲಿನವರು ರೋಗಿಗಳನ್ನೂ ಒಂಟಿಯಾದವರನ್ನೂ ಸಂಧಿಸಿ ಪ್ರಾರ್ಥಿಸುವಂತೆ ನೇಮಿಸಲಿ. ಯಜಮಾನನು ಯಾವ ಜಾವದಲ್ಲಿ ಬಂದರೂ ನಮ್ಮ ಪ್ರತಿಯೊಂದು ಊರಿನಲ್ಲಿ ಒಂದು ದೀಪವಾದರೂ ಉರಿಯುತ್ತಿರುವದನ್ನು ಆತನು ಕಾಣುವಂತಾಗಲಿ. ಆಮೆನ್.