ಲೆಕ್ಕದ ಮಾತು, ಅನುಭವದ ಮಾತು

ವ್ಯಾಪಾರದಲ್ಲಿ ತೀರ್ಮಾನ ಕೈಗೊಳ್ಳುವಾಗ ಮನಸ್ಸಿನ ಮಾತನ್ನು ಕೇಳಬೇಕೇ, ಲೆಕ್ಕದ ಮಾತನ್ನು ಕೇಳಬೇಕೇ? ತುಮಕೂರಿನ ಮಂಡಿಪೇಟೆಯಂತಹ ಕಡೆ, ಗಿರಾಕಿಯ ಮುಖ ನೋಡಿದರೆ ಸಾಕು ಎನ್ನುವ ಹಿರಿಯ ವರ್ತಕರು ಇಂದಿಗೂ ಸಿಗುತ್ತಾರೆ. ಅವರ ಮಕ್ಕಳು ಕಂಪ್ಯೂಟರಿನಿಂದ ಮಾರಾಟದ ಪಟ್ಟಿ ತೆಗೆದು, ಇದೇ ನಿಜ ಎನ್ನುತ್ತಾರೆ. ಇದು ಎರಡು ತಲೆಮಾರುಗಳ ಜಗಳದಂತೆ ಕಂಡರೂ ಇದರೊಳಗೆ ಒಂದು ನೈತಿಕ ಪ್ರಶ್ನೆಯಿದೆ. ತೀರ್ಮಾನ ತಪ್ಪಿದರೆ ನಷ್ಟ ಹೊರುವವರು ಯಾರು?

ಗುಬ್ಬಿ ತಾಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿನ ರೈತ ಎಸ್.ಕೆ. ಸಿದ್ದಪ್ಪನವರ ತೋಟದ ಒಂದು ಮರ ತಾಮ್ರಗೆಂಪು ತೊಳೆಯ, ಪುಟ್ಟ ಗಾತ್ರದ ಹಣ್ಣು ಕೊಡುತ್ತಿತ್ತು. ಅದರ ರುಚಿ ನೆಂಟರಿಗೂ ಸ್ನೇಹಿತರಿಗೂ ಗೊತ್ತಿತ್ತು. ಆದರೆ ನಾಲಿಗೆಯ ಸಾಕ್ಷಿ ತಿಂದವರ ಆಚೆಗೆ ಹೋಗಲಾರದು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹಣ್ಣನ್ನು ಪರೀಕ್ಷಿಸಿ, ಲೈಕೋಪೀನ್ ಮುಂತಾದ ಪೋಷಕಾಂಶಗಳು ಅದರಲ್ಲಿ ಹೆಚ್ಚಾಗಿರುವುದನ್ನು ತೋರಿಸಿದರು. ಮರಕ್ಕೆ ‘ಸಿದ್ದು’ ಎಂಬ ಹೆಸರು ಬಂತು. 2017ರಲ್ಲಿ ಸಂಸ್ಥೆಯು ಸಿದ್ದಪ್ಪನವರ ಮಗನೊಂದಿಗೆ ಒಪ್ಪಂದ ಮಾಡಿಕೊಂಡು, ಸಸಿಗಳ ಆದಾಯದ ಮುಕ್ಕಾಲು ಪಾಲು ಕುಟುಂಬಕ್ಕೇ ಸೇರುವಂತೆ ಮಾಡಿತು. ಇಲ್ಲಿ ಮರವನ್ನು ಕಂಡುಹಿಡಿದದ್ದು ಅಂಕಿಯಲ್ಲ, ನಾಲಿಗೆ. ಆದರೆ ಅದನ್ನು ತಿನ್ನದವನಿಗೂ ನಂಬಿಕೆ ಬರುವಂತೆ ಮಾಡಿದ್ದು ಅಂಕಿ.

ಹಾಗೆಂದು ಅಂಕಿಗಳು ಎಲ್ಲವನ್ನೂ ಹೇಳುತ್ತವೆಯೇ? 1985ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪೆನಿ ಸುಮಾರು ಎರಡು ಲಕ್ಷ ಜನರಿಗೆ ರುಚಿ ನೋಡಿಸಿ, ಹೊಸ ಪಾನೀಯವನ್ನು ಬಿಡುಗಡೆ ಮಾಡಿತು. ಜನ ಎಷ್ಟು ಸಿಟ್ಟಾದರೆಂದರೆ ಮೂರು ತಿಂಗಳೊಳಗೆ ಹಳೆಯದನ್ನೇ ಮರಳಿ ತರಬೇಕಾಯಿತು. ಒಂದು ಗುಟುಕಿನ ರುಚಿಯನ್ನು ಅಳೆದಿದ್ದರು, ಹಳೆಯದರ ಮೇಲಿನ ಮಮತೆಯನ್ನು ಅಳೆದಿರಲಿಲ್ಲ. ಅಷ್ಟು ದೂರವೇಕೆ? ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹೋದ ವರ್ಷ ಇದೇ ತಿಂಗಳು ಬಟ್ಟೆ ಎಷ್ಟು ಮಾರಾಟವಾಗಿತ್ತು ಎಂದು ಪಟ್ಟಿ ನೋಡಿ ಮಾಲು ತರಿಸಿದವನು, ರಮಝಾನ್ ಹಿಂದಕ್ಕೆ ಸರಿದಿರುವುದನ್ನು ಮರೆತರೆ ಕೆಡುತ್ತಾನೆ. ಯಾರಾದರೂ ಹೇಳಿಕೊಡದ ಹೊರತು ಕಂಪ್ಯೂಟರಿಗೆ ಇದು ತಿಳಿಯದು. ಅಂಗಡಿಯ ಯಜಮಾನನಿಗೆ ಪಟ್ಟಿಯಿಲ್ಲದೆಯೂ ತಿಳಿದಿರುತ್ತದೆ.

ಅನುಭವವೂ ಕುರುಡಾಗುವ ಜಾಗಗಳಿವೆ. ಕುಣಿಗಲ್ ಸೀಮೆ ಶುದ್ಧ ಮೈಸೂರು ತಳಿಯ ರೇಷ್ಮೆ ಬಿತ್ತನೆ ಗೂಡಿಗೆ ಹೆಸರಾದದ್ದು. ಗೂಡು ಗಟ್ಟಿಯೇ ಸಡಿಲವೇ ಎಂದು ಪಳಗಿದ ಕೈಗಳು ಹೇಳಬಲ್ಲವು. ಆದರೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಪೆಬ್ರಿನ್ ರೋಗದ ಕಣಗಳು ಬರಿಗಣ್ಣಿಗೆ ಕಾಣುವುದಿಲ್ಲ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೂಪಿಸಿದರು. ಇಲ್ಲಿ ‘ನನ್ನ ಅನುಭವ ಹೇಳುತ್ತದೆ’ ಎನ್ನುವವನು ತನ್ನ ಹಣವನ್ನಷ್ಟೇ ಪಣಕ್ಕೊಡ್ಡುವುದಿಲ್ಲ, ಮೊಟ್ಟೆ ಕೊಂಡ ರೈತನ ಇಡೀ ಬೆಳೆಯನ್ನೂ ಒಡ್ಡುತ್ತಾನೆ.

ಹಾಗಾದರೆ ಯಾವ ಅಂದಾಜನ್ನು ನಂಬಬೇಕು? ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಗ್ಯಾರಿ ಕ್ಲೈನ್ ಈ ವಿಷಯದಲ್ಲಿ ಎದುರು ಪಕ್ಷದವರು. ಆದರೂ 2009ರಲ್ಲಿ ಇಬ್ಬರೂ ಕೂಡಿ ಬರೆದ ಲೇಖನದಲ್ಲಿ ಒಂದು ಒಮ್ಮತಕ್ಕೆ ಬಂದರು. ಒಂದು ಕೆಲಸದಲ್ಲಿ ಕ್ರಮಬದ್ಧತೆಯಿದ್ದು, ಸರಿಯೋ ತಪ್ಪೋ ಎಂಬುದು ಬೇಗನೆ ತಿಳಿಯುವಂತಿದ್ದರೆ ಅಲ್ಲಿ ಪಳಗಿದವನ ಅಂದಾಜು ನಂಬಲರ್ಹ. ಎಷ್ಟು ಆತ್ಮವಿಶ್ವಾಸದಿಂದ ಹೇಳುತ್ತಾನೆ ಎಂಬುದು ಪುರಾವೆಯಲ್ಲ. ದಿನವೂ ಹುಣಸೆಹಣ್ಣು ಮುಟ್ಟಿ ನೋಡುವವನ ಅಂದಾಜಿಗೆ ಬೆಲೆಯಿದೆ. ಎಂದೂ ಮಾರದ ವಸ್ತುವಿನ ಬಗ್ಗೆ ಅದೇ ವ್ಯಕ್ತಿಯ ಅಂದಾಜು ಬರೀ ಊಹೆ.

ಇನ್ನೂ ಆಳದ ಅಪಾಯವೊಂದಿದೆ. ‘ಆ ಬೀದಿಯವರು ಇಂಥದ್ದನ್ನು ಕೊಳ್ಳುವುದಿಲ್ಲ’, ‘ಆ ಜನರಿಗೆ ಸಾಲ ಕೊಟ್ಟರೆ ಬರುವುದಿಲ್ಲ’ ಎಂಬ ಮಾತುಗಳನ್ನು ನಾವು ಅನುಭವವೆಂದು ಕರೆಯುತ್ತೇವೆ. ಎಷ್ಟೋ ಸಲ ಅದು ಅನುಭವದ ವೇಷ ತೊಟ್ಟ ಪೂರ್ವಗ್ರಹ. ಲೆಕ್ಕ ಇದನ್ನು ತಿದ್ದುತ್ತದೆಯೇ? ಎಂದೂ ಮಾಲು ಕಳಿಸದ ಬೀದಿಯ ಎದುರು ವಹಿಯಲ್ಲಿ ಸೊನ್ನೆಯೇ ಇರುತ್ತದೆ. ಆ ಸೊನ್ನೆ ತೋರಿಸುವುದು ಅವರ ಬಡತನವನ್ನಲ್ಲ, ನಮ್ಮ ನಿರ್ಲಕ್ಷ್ಯವನ್ನು. ಅದನ್ನೇ ಪುರಾವೆಯೆಂದು ಎತ್ತಿ ಹಿಡಿದರೆ ಹಳೆಯ ಅನ್ಯಾಯಕ್ಕೆ ಲೆಕ್ಕದ ಮುದ್ರೆ ಬೀಳುತ್ತದೆ. ಅದನ್ನು ಬಗೆಹರಿಸಲು ಒಂದೇ ದಾರಿ: ಸ್ವಲ್ಪ ಮಾಲನ್ನು ಆ ಬೀದಿಗೆ ಕಳಿಸಿ ನೋಡುವುದು.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ಒದ್ದೆಯನ್ನು ಕಂಡ ಪ್ರಸಂಗವನ್ನು ನಾವು ಮೋಸಗಾರ ವ್ಯಾಪಾರಿಗೆ ಎಚ್ಚರಿಕೆಯೆಂದು ಓದುತ್ತೇವೆ. ತೀರ್ಮಾನಿಸುವವನಿಗೂ ಅಲ್ಲಿ ಪಾಠವಿದೆ. ಅವರು ರಾಶಿಯ ಮೇಲ್ಭಾಗ ನೋಡಿ ಒಪ್ಪಲಿಲ್ಲ, ಸಂಶಯಪಟ್ಟು ಮುಂದೆಯೂ ಹೋಗಲಿಲ್ಲ. ಪರೀಕ್ಷಿಸಿದರು, ಮಾರುವವನನ್ನು ಕಾರಣ ಕೇಳಿದರು, ಬಳಿಕ ತೀರ್ಪು ಹೇಳಿದರು. ನಮ್ಮ ವಹಿಯೂ ಒಂದು ರಾಶಿ, ನಮ್ಮ ಮನಸ್ಸೂ ಒಂದು ರಾಶಿ. ಇನ್ನೊಬ್ಬರ ಅನ್ನ ನಮ್ಮ ತೀರ್ಮಾನದ ಮೇಲೆ ನಿಂತಿರುವಾಗ ಎರಡರೊಳಗೂ ಕೈ ಹಾಕಿ ನೋಡುವುದು ಜಾಣತನವಷ್ಟೇ ಅಲ್ಲ, ಹೊಣೆ.